ಹೆಬ್ಬೆರಳಿನ ಔಷಧ

ತುಳಜಾರಾಮನ ಕಣ್ಣಿಗೆ ಹಾರಿದ್ದು ಎಳ್ಳುಕಾಳಿಗಿಂತ ಸಣ್ಣದೊಂದು ಕಲ್ಲಿನ ಚೂರು. ಕಲ್ಯಾಣಿ ಊರಿನ ಓಣಿ ಓಣಿ ತಿರುಗಿ, ಸವೆದ ಬೀಸುಕಲ್ಲುಗಳಿಗೆ ಉಳಿ ಹೊಡೆದು ಹಲ್ಲು ಮಾಡಿಕೊಡುವ ಅವನಿಗೆ ಇಂಥ ಚೂರು ಹೊಸದೇನಲ್ಲ. ಆದರೆ ಇದು ರೆಪ್ಪೆಯ ಅಡಿ ಹೊಕ್ಕು, ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಈ ಬಲಗಣ್ಣೊಂದೇ. ಉಳಿ ಎಲ್ಲಿ ಬೀಳಬೇಕೆಂದು ನೋಡುತ್ತಿದ್ದದ್ದೂ ಅದೇ, ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದದ್ದೂ ಅದೇ.

ಬೆಳಗಾಗುವುದರೊಳಗೆ ಕಣ್ಣು ಕೆಂಡದಂತಾಯಿತು. ಹೆಂಡತಿ ಸುಗಂಧಾ ಗಾಬರಿಬಿದ್ದು ನೆರೆಮನೆಯ ಚನ್ನಬಸಪ್ಪನನ್ನು ಕರೆದಳು. ಚನ್ನಬಸಪ್ಪ ಒಳ್ಳೆಯವನೇ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ತಲೆದಿಂಬಿನ ಹತ್ತಿರ ಮೊದಲು ಬಂದು ಕೂಡುವವನು ಅವನು. ಅಲ್ಲಿಂದ ಅವನನ್ನು ಎಬ್ಬಿಸುವುದು ಮಾತ್ರ ಜ್ವರ ಇಳಿಸುವುದಕ್ಕಿಂತ ಕಷ್ಟ.

"ಹುಮನಾಬಾದಿನ ದವಾಖಾನ್ಯಾಗ ಕಣ್ಣು ಬಲ್ಲ ಡಾಕ್ಟರು ಬಂದಾರಂತ. ನೀ ಏನೂ ಚಿಂತಿ ಮಾಡಬ್ಯಾಡವ್ವಾ, ನಾ ಕರಕೊಂಡು ಹೋಗ್ತೀನಿ" ಎಂದ.

"ಅಣ್ಣಾ, ಇವರಿಗೆ ಅದೊಂದೇ ಕಣ್ಣರಿ" ಎಂದಳು ಸುಗಂಧಾ.

"ನನಗ ಗೊತ್ತಿಲ್ಲೇನು? ನನ್ನ ಕಣ್ಣಿಗಿಂತ ಹೆಚ್ಚು ಕಾಯ್ತೀನಿ."

ಮೋಟಾರಿನಲ್ಲಿ ಪ್ರತಿ ಕುಲುಕಿಗೂ ತುಳಜಾರಾಮ "ಯವ್ವಾ" ಎನ್ನುತ್ತ ಹುಮನಾಬಾದು ಸೇರಿದ. ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಸೈಫುದ್ದೀನ್ ಕೈ ಅಡ್ಡ ಹಿಡಿದ.

"ಡಾಕ್ಟರ್ ಸಾಹೇಬ್ರು ಹಳ್ಳಿಗೆ ಪ್ಲೇಗಿನ ಸೂಜಿ ಹಾಕಾಕ ಹೋಗ್ಯಾರ. ಇನ್ನೇನು ಬರ್ತಾರ, ಮರದ ಬುಡಕ್ಕ ಕೂಡ್ರಿ. ಕಣ್ಣ ಮುಟ್ಟಬ್ಯಾಡ, ಏನೂ ಹಾಕಬ್ಯಾಡ. ಸಮಝಾ?"

ಮರದ ಬುಡದಲ್ಲಿ ಕಾದು ಕುಳಿತಿದ್ದವರೆಲ್ಲ ಈ ಮಾತನ್ನು ಕೇಳಿದರು. ಆದರೆ ಕಂಪೌಂಡರನಿಗೆ ಏನು ತಿಳಿಯುತ್ತದೆ ಎಂದು ಎಲ್ಲರಿಗೂ ಅನಿಸಿತು. ಅವನು ಬೆನ್ನು ತಿರುಗಿಸಿದ್ದೇ ತಡ, ಚಿಕಿತ್ಸೆ ಶುರುವಾಯಿತು.

ಮೊದಲು ಚನ್ನಬಸಪ್ಪ ಧೋತರದ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿಯುಸಿರು ಊದಿ ಕಣ್ಣಿಗೆ ಒತ್ತಿದ. ಉಸಿರಿನ ಜೊತೆ ತಂಬಾಕೂ ಹೋಯಿತು. ತುಳಜಾರಾಮ ಕುಳಿತಲ್ಲೇ ಕುಣಿದ. ಪಕ್ಕದಲ್ಲಿದ್ದ ಯಶೋದಾಬಾಯಿ, ತನ್ನ ನೀರು ಸೋರುವ ಕಣ್ಣುಗಳನ್ನು ತೋರಿಸಲು ಬಂದಿದ್ದ ಮುದುಕಿ, ಸಿಟ್ಟಾದಳು.

"ಏ ಬಿಡಪ್ಪಾ, ಕಣ್ಣೇನು ಒಲೀ ಏನು, ಊದಾಕ? ಔಡಲ ಎಣ್ಣಿ ಬಿಡಬೇಕು. ಜಾರಿ ಬರತದ."

ಎಣ್ಣೆ ಬಂತು. ಕಲ್ಲು ಜಾರಲಿಲ್ಲ, ಉರಿ ಮಾತ್ರ ಇಮ್ಮಡಿಯಾಯಿತು. ಆಮೇಲೆ ಮುದುಕಿ, ಗೋಡೆಯ ಮರೆಗೆ ಕೂಸಿಗೆ ಹಾಲೂಡಿಸುತ್ತಿದ್ದ ಬಾಣಂತಿಯೊಬ್ಬಳನ್ನು ಬೇಡಿ, ಮಡಿಸಿದ ಎಲೆಯಲ್ಲಿ ನಾಲ್ಕು ಹನಿ ಎದೆಹಾಲು ತಂದಳು. ನಾಲ್ಕು ಮಕ್ಕಳ ತಂದೆ ತುಳಜಾರಾಮನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಆದರೂ ಕಣ್ಣು ಒಡ್ಡಿದ. ಇರುವುದೊಂದೇ ಕಣ್ಣಾದರೆ ಮನುಷ್ಯ ಯಾರಿಗೆ ಬೇಕಾದರೂ ಒಡ್ಡುತ್ತಾನೆ.

ಬಿಸಿಲು ನೆತ್ತಿಗೇರಿತು. ಡಾಕ್ಟರರ ಸುಳಿವಿಲ್ಲ. ತುಳಜಾರಾಮ ಮರಕ್ಕೆ ಹಣೆ ಹಚ್ಚಿ ಅಳತೊಡಗಿದ. "ಅಣ್ಣಾ, ಈ ಕಣ್ಣು ಹೋದ್ರ ನನ್ನ ಮಕ್ಕಳು ಯಾರ ಬಾಗಿಲಾಗ ನಿಲ್ಲಬೇಕರಿ?"

ಚನ್ನಬಸಪ್ಪ ಎದ್ದು ನಿಂತ. ಅವನು ಸುತ್ತ ನೋಡಿದ. ಬೇಲಿಯ ಸಾಲಿನಲ್ಲಿ ಎಕ್ಕೆ ಗಿಡಗಳು ಸೊಂಪಾಗಿ ಬೆಳೆದಿದ್ದವು.

"ಅಯ್ಯ, ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ! ಬಲಗಣ್ಣಿಗೆ ಬ್ಯಾನಿ ಬಂದ್ರ ಎಡಗಾಲಿನ ಹೆಬ್ಬೆರಳಿಗೆ ಎಕ್ಕಿ ಹಾಲು. ಕಾಲು ನೋವನ್ನ ಎಳಕೋತದ, ಕಣ್ಣು ಬಿಡತದ. ನಮ್ಮ ಮುತ್ಯಾನ ಔಷಧ."

"ಎಡಗಾಲಲ್ಲ, ಬಲಗಾಲು. ಕಣ್ಣು ಯಾವ ಕಡೆಗೋ ಕಾಲೂ ಅದೇ ಕಡೆಗೆ" ಎಂದಳು ಯಶೋದಾಬಾಯಿ.

ವಾದ ಬೆಳೆಯಿತು. ಕೆಮ್ಮಿನವರು ಎಡಕ್ಕೆ, ಹೊಟ್ಟೆನೋವಿನವರು ಬಲಕ್ಕೆ ಸೇರಿದರು. ಕೊನೆಗೆ ಎರಡೂ ಕಾಲಿಗೆ ಹಚ್ಚುವುದೆಂದು ರಾಜಿಯಾಯಿತು.

ಚನ್ನಬಸಪ್ಪ ಎಲೆಗಳನ್ನು ಮುರಿದು ತಂದ. ಆದರೆ ಹಚ್ಚುವವರಾರು? "ವಯಸ್ಸಿನಾಗ ನಾ ಹಿರ್ಯಾವ. ನಾ ನಿನ್ನ ಕಾಲು ಮುಟ್ಟಿದ್ರ ಪಾಪ ನಿನಗ ಹತ್ತತದೋ" ಎಂದು ತುಳಜಾರಾಮನ ಅಂಗೈಯಲ್ಲೇ ಹಾಲು ತೊಟ್ಟಿಕ್ಕಿಸಿದ. ತುಳಜಾರಾಮ ಕಣ್ಮುಚ್ಚಿಕೊಂಡೇ ಬಗ್ಗಿ, ತಡವರಿಸಿ, ಎರಡೂ ಹೆಬ್ಬೆರಳಿಗೆ ಬಳಿದುಕೊಂಡ. ಮತ್ತೆ ಕಣ್ಣಿಂದ ಧಾರೆ ಇಳಿಯಿತು. ಅದೇ ಕೈಯಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡ.

ಒಮ್ಮೆ ಕಾಯಿಸಿದ ಕಬ್ಬಿಣ ಇಟ್ಟಂತಾಯಿತು. ಆಮೇಲೆ ಮೆಲ್ಲಗೆ, ಯಾರೋ ಬಂದು ಕೈಹಿಡಿದು ಕರೆದೊಯ್ದ ಹಾಗೆ, ನೋವು ಹೊರಟುಹೋಯಿತು.

"ಅಣ್ಣಾ! ಇಲ್ಲರಿ! ಒಂಚೂರೂ ಇಲ್ಲ!"

ಮರದ ಬುಡದಲ್ಲಿ ಹಬ್ಬವಾಯಿತು. ಚನ್ನಬಸಪ್ಪ ಅವನ ಕಣ್ಣಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿ, "ಡಾಕ್ಟರು ಬರೋತನಕ ತೆಗೀಬ್ಯಾಡ, ಗಾಳಿ ಹತ್ತತದ" ಎಂದ. ತುಳಜಾರಾಮ ಗೋಡೆಗೊರಗಿ, ಹಿಂದಿನ ದಿನದಿಂದ ಕಾಣದ ನಿದ್ದೆಯನ್ನು ಹಾಯಾಗಿ ಮಾಡಿದ.

ಹೊತ್ತು ಇಳಿದ ಮೇಲೆ ಡಾಕ್ಟರು ಬಂದರು, ಮೈಯೆಲ್ಲ ದೂಳು, ಮುಖದಲ್ಲಿ ದಣಿವು. ಸೈಫುದ್ದೀನ್ ತುಳಜಾರಾಮನನ್ನು ಕೈಹಿಡಿದು ಒಳಗೆ ಕೂಡಿಸಿದ. ಡಾಕ್ಟರು ಪಟ್ಟಿ ಬಿಚ್ಚಿ ಮೂಗು ಮುರಿದರು.

"ಇದೇನು, ಕಣ್ಣೋ ಅಡಗಿಮನಿಯೋ? ಎಣ್ಣಿ, ಹಾಲು ಎಲ್ಲಾ ತುಂಬ್ಯದ!"

ರೆಪ್ಪೆ ಮಗುಚಿ ಚಿಮಟದಿಂದ ಚೂರನ್ನು ಎತ್ತಿದರು. ತುಳಜಾರಾಮ ಮಿಸುಕಲಿಲ್ಲ.

"ಶಾಭಾಶ್! ಸಿಪಾಯಿಗಳೂ ಇದಕ್ಕ ಚೀರತಾರ. ನೀ ಗಟ್ಟಿ ಮನಶ್ಯಾ" ಎಂದು ಚೂರನ್ನು ಅವನ ಅಂಗೈಯಲ್ಲಿಟ್ಟರು. "ನೋಡು, ಇಷ್ಟಕ್ಕ ಇಷ್ಟೆಲ್ಲ ರಾದ್ಧಾಂತ."

ತುಳಜಾರಾಮ ಕಣ್ಣರಳಿಸಿ ಅಂಗೈಯನ್ನು ಮುಖದ ಹತ್ತಿರ ತಂದ. ಇನ್ನೂ ಹತ್ತಿರ ತಂದ. "ಎಲ್ಲದರಿ ಸಾಹೇಬ್ರ?"

ಡಾಕ್ಟರು ನಗುತ್ತಲೇ ಅರಳೆಯಿಂದ ಕಣ್ಣ ಮೇಲಿನ ಹಾಲನ್ನು ಒರೆಸಿದರು. ಬಿಳುಪು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದರು. ಅವರ ನಗು ನಿಂತಿತು. ತುಳಜಾರಾಮನ ಬೆರಳುಗಳನ್ನು ಹಿಡಿದು ನೋಡಿದರು. ಅಂಟು ಒಣಗಿ ಹೆಪ್ಪುಗಟ್ಟಿತ್ತು.

"ಎಕ್ಕಿ ಹಾಲು ಕಣ್ಣಿಗೆ ಹಾಕಿದ್ಯಾ?"

"ಕಣ್ಣಿಗಲ್ಲರಿ, ಕಾಲಿಗೆ. ಭಾಳ ಛಲೋ ಔಷಧರಿ, ನೋವು ಪೂರಾ ಹೋತು."

"ನೋವು ಹೋಗಿಲ್ಲೋ ತಮ್ಮಾ, ಕಣ್ಣು ಸತ್ತದ. ತೊಳೀತೀನಿ, ನನ್ನ ಕೈಲಾದದ್ದು ಮಾಡ್ತೀನಿ. ಆದ್ರ ಬೆಳಕು ತಿರುಗಿ ಬರತದಂತ ಹೇಳಲಾರೆ."

ತುಳಜಾರಾಮ ಅಂಗೈಯ ಚೂರನ್ನು ಬೆರಳಿಂದ ಹುಡುಕತೊಡಗಿದ. ಅದನ್ನು ನೋಡಲಾರದೆ ಡಾಕ್ಟರು ಸೈಫುದ್ದೀನನ ಕಡೆ ತಿರುಗಿದರು.

"ಇವನ ಜೋಡಿ ಬಂದವರು ಯಾರು? ಜಲ್ದಿ ಕರಿ."

ಸೈಫುದ್ದೀನ್ ಕಿಟಕಿಯಲ್ಲಿ ಬಗ್ಗಿ ಕೂಗಿದ. ಬೇಲಿಯ ಕಡೆಯಿಂದ ಚನ್ನಬಸಪ್ಪನ ಉತ್ಸಾಹದ ದನಿ ಬಂತು:

"ಬಂದೆ, ಒಂದ್ ನಿಮಿಷ ತಡೀರಿ! ಯಶೋದಾಬಾಯಿ, ಎರಡೂ ಅಂಗೈ ಚಾಚು. ನೀನ ಹಚ್ಚಿಗೊ, ಹೆಣ್ಣಮಕ್ಕಳ ಕಾಲು ನಾ ಹ್ಯಾಂಗ ಮುಟ್ಲಿ?"