ಡಾಕಪ್ಪನ ತೊಟ್ಟಿಯ ಹಸಿರು

ಅಗಡಿ ಕಡೆಯ ಕೆರೆಯೊಂದರಿಂದ ತಂದ ತಾವರೆಗಡ್ಡೆಯ ಬೇರಿಗೆ ಎಳ್ಳುಕಾಳಿನಷ್ಟು ಪುಟ್ಟ ಹಸಿರೆಲೆಗಳು ನಾಲ್ಕಾರು ಅಂಟಿಕೊಂಡು ಬಂದಿದ್ದವು. ಡಾಕಪ್ಪ ಅವನ್ನು ಅಲ್ಲೇ ಉಗುರಿನಿಂದ ಕೆರೆದು ಎಸೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ಎಲ್ಲದರಲ್ಲೂ ಕುತೂಹಲ. ಮಣ್ಣಿನ ಹಂಗಿಲ್ಲದೆ ನೀರ ಮೇಲೆ ತೇಲಿಕೊಂಡೇ ಬದುಕುವ ಈ ಎಲೆ ಹೇಗೆ ಮರಿ ಹಾಕುತ್ತದೆ ನೋಡೋಣವೆಂದು ಅವನ್ನೂ ತೊಟ್ಟಿಗೆ ಬಿಟ್ಟ.

ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ವಾರವಿಡೀ ಸೀನುವ ಮನುಷ್ಯ ಅವನು. ಮನೆ ಕಟ್ಟಿಸುವಾಗ ನೀರು ತುಂಬಲೆಂದು ಕಟ್ಟಿದ್ದ ಹಿತ್ತಲ ತೊಟ್ಟಿಯ ದಂಡೆಯ ಮೇಲೆ ರವಿವಾರ ಕೂತು ತಾವರೆ ನೋಡುವುದೊಂದೇ ಅವನಿಗಿದ್ದ ಸುಖ. ಅದರಲ್ಲೂ ಈ ವಾರ ಮೊದಲ ಮೊಗ್ಗು ಬಂದಿತ್ತು. ಅಷ್ಟರಲ್ಲಿ ಆ ಎಳ್ಳೆಲೆಗಳು ಒಂದಕ್ಕೆರಡಾಗಿ, ಎರಡಕ್ಕೆ ನಾಲ್ಕಾಗಿ, ಹಸಿರು ಕಂಬಳಿ ಹೊದೆಸಿದಂತೆ ತೊಟ್ಟಿಯನ್ನೇ ಮುಚ್ಚಿಬಿಟ್ಟಿದ್ದವು.

ಹೆಂಡತಿ ಜಯವ್ವ ರವಿವಾರ ಬೆಳಿಗ್ಗೆಯೇ ಸೊಂಟಕ್ಕೆ ಸೆರಗು ಸಿಗಿಸಿ ನಿಂತಳು.

"ಗುಡ್ಡಪ್ಪಗ ಹೇಳಿ ಕಳಿಸೇನ್ರಿ. ಸಂಜಿಕ ಟ್ರ್ಯಾಕ್ಟರ್ ತುಂಬ ಮಣ್ಣ ತರ್ತಾನ. ಅಷ್ಟರೊಳಗ ತೊಟ್ಯಾಗ ನನಗ ನೀರು ಕಂಡ್ರ ಸರಿ. ಇಲ್ಲಂದ್ರ ಮುಚ್ಚಿಸಿ ಹೀರಿಬಳ್ಳಿ ಹಚ್ಚತೇನಿ."

ಗುಡ್ಡಪ್ಪ ಕದರಮಂಡಲಗಿಯಲ್ಲಿದ್ದ ಅವಳ ತಮ್ಮ. ಅಕ್ಕ ಹೇಳಿದರೆ ಮನೆಯನ್ನೇ ಮಣ್ಣಿನಿಂದ ಮುಚ್ಚುವ ಪೈಕಿ.

ಡಾಕಪ್ಪ ಕಸಬರಿಗೆಯಿಂದ ನೀರನ್ನು ಬಡಿದ. ಎಲೆಗಳು ಮುಳುಗಿದವು, ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಎದ್ದವು. ಗೋಡೆಯಾಚೆ ಇದನ್ನೆಲ್ಲ ನೋಡುತ್ತಿದ್ದ ನಿವೃತ್ತ ಶಿಕ್ಷಕ ಭರಮಣ್ಣ ಮಾಸ್ತರರಿಗೆ ತಡೆಯಲಾಗಲಿಲ್ಲ.

"ಹಂಗಲ್ಲೋ ಡಾಕಪ್ಪ, ಧೋತರದ ಎರಡೂ ತುದಿ ಹಿಡಿದು ಜಗ್ಗಬೇಕು. ನೀರು ಸೋರತೈತಿ, ಕಸ ಉಳೀತೈತಿ. ನಿಂದರು, ಬಂದೆ."

ಬಂದರು. ಮಾಸ್ತರರು ಆ ದಂಡೆ, ಡಾಕಪ್ಪ ಈ ದಂಡೆ, ನಡುವೆ ಡಾಕಪ್ಪನದೇ ಒಳ್ಳೆಯ ಧೋತರ. ಮಾಸ್ತರರು ಜೋರಾಗಿ ಜಗ್ಗಿದ್ದೇ ತಡ, ಡಾಕಪ್ಪ ತೊಟ್ಟಿಯೊಳಗೆ ಬಿದ್ದ. ಎದ್ದು ನಿಂತಾಗ ಮೀಸೆ, ಹುಬ್ಬು, ಕಿವಿ ಎಲ್ಲಾ ಹಸಿರು.

"ಹೆಂಗೂ ಒಳಗ ಇಳದೀದಿ," ಎಂದರು ಮಾಸ್ತರರು, "ಆ ಮೂಲ್ಯಾಗಿಂದೂ ಬಳದಬಿಡು."

ಮಧ್ಯಾಹ್ನ ಊಟ ಬಿಟ್ಟು ಬಳಿದ. ರಾಶಿ ಮೊಣಕಾಲೆತ್ತರವಾಯಿತು. ಇದನ್ನು ಎಲ್ಲಿ ಒಗೆಯುವುದೆಂದು ಚಿಂತಿಸುವಾಗ ಎದುರುಮನೆಯ ಮೈಲವ್ವ ಇಣುಕಿದಳು.

"ನಮ್ಮ ಎಮ್ಮಿ ತಿಂತೈತೇನೋ ನೋಡತೇನಿ ತಮ್ಮಾ. ನಿನ್ನ ಬಕೀಟ ಒಯ್ಯಲೇನು?"

"ಒಯ್ಯವಾ ಯಕ್ಕಾ, ಎಲ್ಲಾ ಒಯ್ಯಿ," ಎಂದ ಡಾಕಪ್ಪ. ಅವಳ ಕಾಲಿಗೆ ಬೀಳುವುದೊಂದು ಬಾಕಿ. ಮೈಲವ್ವ ಹೋಗಿ ಬಂದು, ಬಂದು ಹೋಗಿ, ರಾಶಿಯನ್ನೆಲ್ಲ ಸಾಗಿಸಿದಳು.

ಸಂಜೆಗೆ ತೊಟ್ಟಿಯ ನೀರು ತಿಳಿಯಾಯಿತು. ಮೊಗ್ಗಿನ ನೆರಳು ನೀರಿನಲ್ಲಿ ಕಂಡಿತು. ಮಣ್ಣು ತುಂಬಿಕೊಂಡು ಬಂದ ಗುಡ್ಡಪ್ಪನ ಎದುರಿಗೇ ಜಯವ್ವ ಬಗ್ಗಿ ನೋಡಿದಳು.

"ಹೂಂ, ನೀರು ಕಾಣಾಕತ್ತೈತಿ. ಇರ್ಲಿ ಬಿಡ್ರಿ ತೊಟ್ಟಿ," ಎಂದಳು.

ಅದೇ ಹೊತ್ತಿಗೆ ಮೈಲವ್ವ ಬಕೀಟು ಹಿಡಿದು ಬಂದಳು. ಓಣಿಯಲ್ಲಿ ಯಾರೂ ಇಸಿದುಕೊಂಡ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ.

"ಬರೇ ಬಕೀಟ ಹೆಂಗ ಕೊಡೂದು? ಹೆಪ್ಪಿಗೆ ಇರ್ಲಿ ಅಂತ ಒಂದು ಬೊಗಸಿ ಎಲಿ ಉಳಿಸೇನಿ," ಎನ್ನುತ್ತ, ಡಾಕಪ್ಪ ಕೈ ಅಡ್ಡ ಹಿಡಿಯುವುದರೊಳಗೆ, ತೊಟ್ಟಿಗೆ ಸುರಿದೇಬಿಟ್ಟಳು. "ಜಯವ್ವಾ, ಏನ ಹೇಳ್ಲಿ, ನಮ್ಮ ಎಮ್ಮಿ ಇವತ್ತ ಒಂದು ಸಲನೂ ಒದೀಲಿಲ್ಲ. ಕೊಡ ತುಂಬ ಹಾಲ ಕೊಟ್ಟೈತಿ."

"ನಮ್ಮದೂ ಒದೀತೈತಲ್ಲ ಅಕ್ಕಾ," ಎಂದ ಗುಡ್ಡಪ್ಪ.

ಜಯವ್ವ ತಮ್ಮನ ಮುಖ ನೋಡಿದಳು, ತೊಟ್ಟಿ ನೋಡಿದಳು.

"ಅಲ್ಲರೀ, ತವರುಮನಿ ಎಮ್ಮಿ ಒದಿಯೂದು ಬಿಡತೈತಿ ಅಂದ್ರ ನಾವು ಸುಮ್ನ ಕುಂದ್ರೂದೇನು? ಇದನ್ನ ಚೊಲೋತ್ನ್ಯಾಗಿ ಬೆಳಸ್ರಿ. ಈ ತಾವರಿ ಎಲಿ ಬಿಸಲು ತಡದಾವು, ಕಿತ್ತ ಒಗೀರಿ ಲಗೂನ."

ಡಾಕಪ್ಪ ಮತ್ತೆ ತೊಟ್ಟಿಗಿಳಿದ. ಗಡ್ಡೆ, ಎಲೆ, ಮೊಗ್ಗು ಎಲ್ಲವನ್ನೂ ಗುಡ್ಡಪ್ಪ ಅವನ ಕೈಯಿಂದ ಇಸಿದುಕೊಂಡು ಟ್ರೇಲರಿನ ಮಣ್ಣಿನ ಮೇಲೆ ಇಟ್ಟ.

"ಅದನ್ನ ನಿಮ್ಮೂರ ಕೆರಿಗೆ ಬಿಡ್ತಿ ಹೌದಿಲ್ಲೋ ಗುಡ್ಡಪ್ಪ?" ಎಂದು ಡಾಕಪ್ಪ ಆಸೆಯಿಂದ ಕೇಳಿದ.

"ಇಲ್ಲ ಮಾಮಾ," ಎಂದ ಗುಡ್ಡಪ್ಪ ಟ್ರ್ಯಾಕ್ಟರ್ ಚಾಲೂ ಮಾಡುತ್ತ, "ಇದನ್ನೂ ಎಮ್ಮಿ ತಿಂತೈತೇನೋ ನೋಡತೇನಿ."