ಪುಳಿಮುಂಚಿ ಮೇಲೊಂದು ಕೇಸು

ಸೌದಿಯ ಅಬ್ಕೈಕ್‌ನ ನಮ್ಮ ತೈಲ ಕಂಪನಿಯ ಕ್ಯಾಂಪಿನಲ್ಲಿ ವಾರಕ್ಕೊಂದಾದರೂ ಕೇಸು ಹುಟ್ಟುತ್ತೆ. ಕೋರ್ಟಿನ ಮೆಟ್ಟಿಲು ಮಾತ್ರ ಇದುವರೆಗೆ ಒಂದೂ ಹತ್ತಿಲ್ಲ. ಎಲ್ಲದರ ಫಿರ್ಯಾದಿ ಒಬ್ಬರೇ, ನಮ್ಮ ಅಮೆರಿಕನ್ ಸೂಪರ್‌ವೈಸರ್. ನಾನು ಅವರ ಆಫೀಸಿನ ಗುಮಾಸ್ತ, ಮೈಸೂರಿನವನು.

1. ಕುರ್ಚಿ

ನಾನು ಸೇರಿದ ಮೊದಲ ವಾರವೇ ಗುಡುಗಿದರು: "ಈ ಕುರ್ಚಿ ಕಿರ್‌ಗುಟ್ಟಿ ತಲೆ ಕೆಡಿಸ್ತಿದೆ. ಕೇಸ್ ಹಾಕ್ತೀನಿ!"

ನಾನು ನಿಜವೆಂದೇ ನಂಬಿದೆ. ಓಡಿಹೋಗಿ ಎಣ್ಣೆ ತಂದು ಬಿಟ್ಟೆ. ಮಾರನೇ ದಿನ ಸಾಹೇಬರು ಅದೇ ಕುರ್ಚಿಯಲ್ಲಿ ಸುಖವಾಗಿ ನಿದ್ದೆ ಹೋಗಿ, ಮೀಟಿಂಗ್ ತಪ್ಪಿಸಿಕೊಂಡರು.

"ಸದ್ದು ನಿಲ್ಲಿಸಿದ್ದು ಯಾರು? ಅದೇ ನನ್ನನ್ನ ಎಬ್ಬಿಸ್ತಿತ್ತು. ಕೇಸ್ ಹಾಕ್ತೀನಿ!"

2. ಹುಂಜ

ಈ ಚಟ ಅವರಿಗೆ ತಾತನಿಂದ ಬಂದದ್ದಂತೆ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅವರೂರಲ್ಲಿ ಕೆಮ್ಮಿದರೆ ಕೇಸು, ಸೀನಿದರೆ ಕೇಸು. ತಾತನ ಹುಂಜ ಕೂಗಿ ನಿದ್ದೆ ಕೆಡಿಸುತ್ತೆ ಅಂತ ಪಕ್ಕದ ಮನೆಯವನು ದಾವೆ ಹೂಡಿದ. ತಾತ ಹುಂಜವನ್ನೇ ಕಂಕುಳಲ್ಲಿ ಇಟ್ಟುಕೊಂಡು ಕೋರ್ಟಿಗೆ ಹೋದ! ಬೆಳಗಿನಿಂದ ಸಂಜೆವರೆಗೆ ಅದು ಪಿಟ್ಟೆನ್ನಲಿಲ್ಲ, ಕೇಸು ವಜಾ ಆಯಿತು.

ಮೆಸ್ಸಿನ ಅಡುಗೆಯವರು ಬಂಟ್ವಾಳದ ಕಡೆಯ ಬ್ಯಾರಿ, ನಮಗೆಲ್ಲ ಕಾಕ. ಸಾಹೇಬರ ಈ ಕಥೆಯನ್ನ ಬಾಯಿ ಬಿಟ್ಟುಕೊಂಡು ಕೇಳಿದವರು, "ಮತ್ತೆ ಆ ಕೋಳಿ ಎಂತ ಆಯ್ತು ಸಾರ್? ಸುಕ್ಕನಾ?" ಅಂದರು.

"ತಿಂದಿದ್ರೆ ಅಪೀಲಿಗೆ ಸಾಕ್ಷಿ ಎಲ್ಲಿಂದ ತರೋದು?" ಅಂತ ಸಾಹೇಬರು ರೇಗಿದರು.

3. ಪುಳಿಮುಂಚಿ

ಸಾಹೇಬರು ಒಂದು ಮಧ್ಯಾಹ್ನ ಕಾಕನ ಬಂಗುಡೆ ಮೀನಿನ ಪುಳಿಮುಂಚಿ ತಿಂದರು. ಹುಳಿ, ಖಾರ ಎರಡೂ ಜೋರು. ಬಾಯಿ ಸುಟ್ಟಿತು ಅಂತ ಈ ಸಲ ಕಂಪನಿಗೆ ಬರಹದಲ್ಲೇ ದೂರು ಕೊಟ್ಟುಬಿಟ್ಟರು. ಅದು ಇತ್ಯರ್ಥ ಆಗುವವರೆಗೆ ಕಾಕನ ರಜೆ ಅರ್ಜಿಗೆ ತಡೆ.

ಹತ್ತು ದಿನದಲ್ಲಿ ಕಾಕನ ಮಗಳ ನಿಕಾಹ್. "ಕೈ ಹಿಡಿದು ಕೊಡ್ಲಿಕ್ಕೆ ಅಪ್ಪನೇ ಇಲ್ಲದಿದ್ರೆ ಹೇಗೆ ಮಾರಾಯ್ರೇ?" ಅಂತ ಕಣ್ಣು ಒರೆಸಿಕೊಂಡರು. ಸಾಹೇಬರ ಕಾಲಿಗೆ ಬೀಳುವುದೇ ವಾಸಿ ಅಂತ ಹೇಳಿಕೊಟ್ಟೆ.

"ಎಂತಕ್ಕೆ?" ಅಂದರು ಕಾಕ. "ಆ ತಾತನ ಕೋಳಿ ಕಾಲಿಗೆ ಬಿದ್ದಿತ್ತಾ?"

4. ವಿಚಾರಣೆ

ಮುದೀರ್, ಅಂದರೆ ನಮ್ಮ ಸೌದಿ ಮ್ಯಾನೇಜರ್, ಇಬ್ಬರನ್ನೂ ಕರೆಸಿದರು. ಕಾಕ ಬಿಸಿ ಪಾತ್ರೆ ಹೊತ್ತು ಬಂದು ಮೇಜಿನ ಮೇಲೆ ಇಟ್ಟರು. "ಆರೋಪಿಯನ್ನೇ ತಂದಿದ್ದೇನೆ ಸಾರ್, ನೀವೇ ವಿಚಾರಿಸಿ." ಆ ಧೈರ್ಯಕ್ಕೆ ನಾನು ಮನಸ್ಸಲ್ಲೇ ಶಹಭಾಸ್ ಅಂದೆ.

ಮುದೀರ್ ಒಂದು ತುಂಡು ತಿಂದರು. ಬೆವರು ಒರೆಸಿಕೊಂಡರು. ಇನ್ನೊಂದು ತುಂಡು ಹಾಕಿಸಿಕೊಂಡರು. ಘಮ ತಡೆಯಲಾರದೆ ಫಿರ್ಯಾದಿಯೂ ತಟ್ಟೆ ಚಾಚಿದರು.

"ದೂರು ವಜಾ," ಅಂದರು ಮುದೀರ್. "ಆದರೆ ಇಂಥ ಅಡುಗೆಯವನನ್ನ ಊರಿಗೆ ಕಳಿಸಿದ್ರೆ ನಾವು ಏನು ತಿನ್ನೋದು? ರಜೆ ಮುಂದಿನ ತಿಂಗಳು ನೋಡೋಣ."

ಗೆದ್ದ ಕಾಕನ ಮುಖ ಬಾಡಿಹೋಯಿತು. ನಾನೇ ತಡೆಯಲಾರದೆ, ಮಗಳ ಮದುವೆ ಇದೆ ಸಾರ್, ಅಂದುಬಿಟ್ಟೆ.

ಸಾಹೇಬರು ತಟ್ಟನೆ ಎದ್ದರು. ಕಣ್ಣಲ್ಲಿ ಮೂಗಲ್ಲಿ ನೀರು, ಕೈಯಲ್ಲಿ ಬಂಗುಡೆ. "ಮಗಳ ಮದುವೆಗೆ ಅಪ್ಪನನ್ನ ಕಳಿಸಲ್ವಾ? ನಿಮ್ಮ ಮೇಲೆ ಕೇಸ್ ಹಾಕ್ತೀನಿ!"

"ಯಾವ ಕೋರ್ಟಲ್ಲಿ?"

"ಸಿಕ್ಕಿದ ಕೋರ್ಟಲ್ಲಿ!"

ಮುದೀರ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಫೋನ್ ತೆಗೆದು ಅಲ್ಲೇ ರಜೆ ಮಂಜೂರು ಮಾಡಿದರು. ಕಾಕ ಸಾಹೇಬರ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟರು.

ಸಾಹೇಬರು ಮೂಗು ಒರೆಸಿಕೊಳ್ಳುತ್ತಾ ಪಾತ್ರೆಯೊಳಗೆ ಇಣುಕಿದರು. "ಇಪ್ಪತ್ತು ದಿನಕ್ಕೆ ವಾಪಸ್ ಬರದಿದ್ರೆ, ನಿನ್ನ ಅಳಿಯನ ಮೇಲೆ ಕೇಸ್ ಹಾಕ್ತೀನಿ!"