ಮಸ್ಕತ್ತಿನಲ್ಲಿ ಬಿಚ್ಚದ ಬಾವುಟ

ಊರಿನಲ್ಲಿದ್ದಾಗ ನನಗೆ ದೇಶಪ್ರೇಮ ಅಷ್ಟೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಶಂಕರಪುರದಲ್ಲಿ ಹುಟ್ಟಿ, ಮದುವೆಯಾಗಿ ಅಲೆವೂರಿಗೆ ಬಂದು ಅಲ್ಲಿಯ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಗಣರಾಜ್ಯೋತ್ಸವವೆಂದರೆ ಲಾಡು ತಿಂದು ಮನೆಗೆ ಬಂದು ಮಲಗುವ ದಿನ. ಗಂಡನ ಕೆಲಸದ ಹಿಂದೆ ಮಸ್ಕತ್ತಿಗೆ ಹೋಗಿ ಒಂದು ಅಂತಾರಾಷ್ಟ್ರೀಯ ಶಾಲೆ ಸೇರಿದ ಮೇಲೆ ಈ ಪ್ರೇಮ ಇದ್ದಕ್ಕಿದ್ದಂತೆ ಉಕ್ಕಿತು. ಅಲ್ಲಿ ಒಂದೊಂದು ದೇಶದ ಹಬ್ಬವನ್ನು ಆಯಾ ದೇಶದವರೇ ನಡೆಸಬೇಕು. ಫಿಲಿಪ್ಪೀನ್ಸಿನವರು ಬಿದಿರುಕೋಲುಗಳ ನಡುವೆ ಕುಣಿದು ಚಪ್ಪಾಳೆ ಗಿಟ್ಟಿಸಿದ್ದನ್ನು ನೋಡಿದ ನಮ್ಮ ಭಾರತದ ಮಕ್ಕಳು, "ಟೀಚರ್, ನಮ್ಮದು ಇನ್ನೂ ಜೋರಾಗಬೇಕು" ಎಂದು ನನ್ನ ಜೀವ ತಿಂದರು.

ಬೇರೆಯವರ ಬಾವುಟ ಬಿಚ್ಚಿಕೊಂಡೇ ಮೇಲೇರುತ್ತದೆ. ನಾವಾದರೆ ಮಡಿಚಿ, ಒಳಗೆ ಹೂವಿಟ್ಟು ಕಟ್ಟಿ, ಮೇಲೆ ಹೋದಮೇಲೆ ಹಗ್ಗ ಎಳೆದು ಹೂಮಳೆ ಸುರಿಸುವವರು. ನಮ್ಮ ಗಣರಾಜ್ಯೋತ್ಸವಕ್ಕೆ ಅದನ್ನೇ ತೋರಿಸೋಣವೆಂದೆ. ಶಾಲೆಯ ಎದುರು ಅಂಗಡಿ ಇಟ್ಟಿದ್ದ, ನಮ್ಮೂರ ಕಡೆಯ ಕಾಪುವಿನ ಹಮೀದಣ್ಣ, ಊರಿನಿಂದ ಬರುತ್ತಿದ್ದ ತಮ್ಮ ಭಾವನ ಕೈಯಲ್ಲಿ ನಮ್ಮ ಶಂಕರಪುರದ ಮಲ್ಲಿಗೆಯನ್ನೇ ತರಿಸಿಕೊಟ್ಟರು. "ಬಾಡಲಿಲ್ಲ ಟೀಚರೇ, ಐಸಿನಲ್ಲಿಟ್ಟು ತಂದದ್ದು. ಒಳ್ಳೆದು ಮಾಡಿ. ಊರಿನ ಮರ್ಯಾದೆ ಉಂಟಲ್ವಾ?" ಎಂದರು.

ಊರಿನ ಶಾಲೆಯಲ್ಲಿ ಬಾವುಟ ಕಟ್ಟುವುದು ಪಿ.ಟಿ. ಮಾಸ್ಟ್ರ ಕೆಲಸ. ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುವ ಅವರ ಗಂಟನ್ನು ನಾನು ಒಮ್ಮೆಯೂ ಗಮನಿಸಿದವಳಲ್ಲ. ಆದರೂ ಚಿಕ್ಕಂದಿನಿಂದ ಅಮ್ಮನ ಜೊತೆ ಕೂತು ಪೇಟೆಗೆ ಕಳಿಸುವ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿದ ನನಗೆ ಗಂಟಿನ ಪಾಠ ಬೇರೆ ಬೇಕೇ? ಹಗ್ಗ ಸಿಕ್ಕಿದ್ದೇ ತಡ, ಬೆರಳುಗಳು ತಮಗೆ ಗೊತ್ತಿದ್ದ ಗಂಟನ್ನೇ ಹಾಕಿಬಿಟ್ಟವು. ಹೂ ಕಟ್ಟುವ ಗಂಟು ಎಳೆದಷ್ಟೂ ಬಿಗಿಯುತ್ತದೆ. ಈ ಸಂಗತಿ ನನಗೆ ಹೊಳೆದದ್ದು ಪ್ರಿನ್ಸಿಪಾಲ್ ಮೇಡಂ ಹಗ್ಗ ಎಳೆದಾಗ.

ಮೇಡಂ ಮೊದಲು ನಗುತ್ತ ಎಳೆದರು. ಆಮೇಲೆ ಹಲ್ಲು ಕಚ್ಚಿ ಎಳೆದರು. ಕಂಬ ಅಲುಗಿತು, ಗಂಟು ಅಲುಗಲಿಲ್ಲ. ಅಷ್ಟರಲ್ಲಿ ಸಂಗೀತದ ಟೀಚರು ಕ್ಯಾಸೆಟ್ ಹಾಕಿಯೇಬಿಟ್ಟರು. ರಾಷ್ಟ್ರಗೀತೆ ಮುಗಿಯುವವರೆಗೆ ಯಾರೂ ಮಿಸುಕುವಂತಿಲ್ಲ. ಅಷ್ಟು ದೇಶಗಳ ಮಕ್ಕಳು ಕತ್ತೆತ್ತಿ ಮೇಲಿನ ಗಂಟುಮೂಟೆಯನ್ನು ಗೌರವದಿಂದ ನೋಡುತ್ತ ನಿಂತರು. ನಮ್ಮ ಮಕ್ಕಳು ಮಾತ್ರ ನನ್ನನ್ನು ನೋಡುತ್ತಿದ್ದರು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಗೇಟಿನ ಬಳಿಯಿಂದ ಹಮೀದಣ್ಣನ ಪಿಸುದನಿ ಕೇಳಿಸಿತು, "ಎಂತ ಮಾರಾಯ್ರೇ, ಇದು ಬಿಡುವುದಿಲ್ಲವಾ?" ಗೀತೆ ಮುಗಿದದ್ದೇ ನಾನೂ ಎಳೆದೆ, ವಾಚ್‌ಮನ್ನನೂ ಎಳೆದ. ಕೊನೆಗೆ ಕೆಳಗಿಳಿಸಿ, ಹೇರ್‌ಪಿನ್ನಿನಿಂದ ಗಂಟು ಬಿಡಿಸಿದೆ. ಅಷ್ಟು ದೂರದಿಂದ ಬಂದ ಮಲ್ಲಿಗೆಯೆಲ್ಲ ನನ್ನ ಚಪ್ಪಲಿಯ ಮೇಲೆ ಬಿತ್ತು. ಬಾವುಟವೇನೋ ಮತ್ತೆ ಏರಿ ಹಾರಿತು, ಆದರೆ ನೋಡಲು ಯಾರೂ ಇರಲಿಲ್ಲ, ತರಗತಿಯ ಬೆಲ್ಲಾಗಿತ್ತು.

ಮನೆಗೆ ಬಂದವಳೇ ಶಂಕರಪುರಕ್ಕೆ ಫೋನು ಮಾಡಿ ಅಮ್ಮನೆದುರು ಗೊಳೋ ಎಂದು ಅತ್ತೆ. ಮಕ್ಕಳ ಮುಖ ನೆನೆದರೆ ನಾಳೆ ಶಾಲೆಗೆ ಹೋಗುವ ಧೈರ್ಯವೇ ಇಲ್ಲವೆಂದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಇಬ್ಬರು ಎಳೆದರೂ ಬಿಡಲಿಲ್ಲವಾ?" ಎಂದು ಕೇಳಿದರು.

"ಇಬ್ಬರಲ್ಲ ಅಮ್ಮ, ಕೊನೆಗೆ ವಾಚ್‌ಮನ್ನನೂ ಎಳೆದ."

"ನೀನು ಕಟ್ಟಿದ ಹೂ ಪೇಟೆ ಮುಟ್ಟುವ ಮೊದಲೇ ಉದುರುತ್ತದೆ ಅಂತ ನಾನು ಎಷ್ಟು ಬೈದಿದ್ದೇನೆ ಮಗಾ! ಈಗ ನೋಡು, ಕೈ ಕುದುರಿತು."

ಅಮ್ಮ ನನ್ನ ಗಂಟನ್ನು ಹೊಗಳಿದ್ದು ಜೀವಮಾನದಲ್ಲಿ ಅದೇ ಮೊದಲು. ದೇಶದ ಮಾನ ಕಳೆದು ಅಳಲೆಂದು ಫೋನು ಮಾಡಿದವಳು, ಕಣ್ಣೊರೆಸಿಕೊಂಡು, "ನಾಲ್ಕನೆಯವರು ಎಳೆದಿದ್ದರೂ ಬಿಡುತ್ತಿರಲಿಲ್ಲ ಅಮ್ಮ" ಎಂದೆ.